ಬಾಗಿಲು ತೆರೆಯದವರು

ಪ್ರೀತಿಯ ಗೆಳೆಯ,

ಹಸಿರು ಛತ್ರಿಯ ವಿಚಾರವನ್ನು ಎದುರಿಗೆ ಸಿಕ್ಕಾಗಲೇ ಇತ್ಯರ್ಥ ಮಾಡೋಣ. ಈ ಪತ್ರವನ್ನು ನಾಲ್ಕು ಜನ ಓದುವ ಕಡೆ ಹಾಕುತ್ತಿದ್ದೇನೆಂದು ಬೇಸರಿಸಬೇಡ. ಹತ್ತು ದಿನಗಳಿಂದ ಒಬ್ಬ ಮನುಷ್ಯ ನನ್ನ ತಲೆಯಿಂದ ಇಳಿಯುತ್ತಿಲ್ಲ.

ಅವನ ಹೆಸರು ಜಾನ್ ಪೆನ್‌ರಡಕ್. ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯ ಕಾಂಪ್ಟನ್ ಚೇಂಬರ್ಲೇನ್ ಎಂಬ ಹಳ್ಳಿಯ ಜಮೀನುದಾರ. ದೊರೆಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ದೊರೆಯ ಪಕ್ಷ ಹಿಡಿದು ಸೋತ ಮನೆತನ ಅದು. ಗೆದ್ದವರಿಗೆ ದಂಡ ಕಟ್ಟಿ ಆಸ್ತಿ ಉಳಿಸಿಕೊಂಡಿತ್ತು. 1649ರಲ್ಲಿ ದೊರೆಯ ತಲೆಯೇ ಹೋಯಿತು, ಕೆಲವೇ ವರ್ಷಗಳಲ್ಲಿ ಅಧಿಕಾರವೆಲ್ಲ ಪಾರ್ಲಿಮೆಂಟಿನ ಸೇನಾನಾಯಕ ಕ್ರಾಮ್‌ವೆಲ್‌ನ ಕೈ ಸೇರಿತು. ಹೆಂಡತಿ, ಮಕ್ಕಳು, ಬೆಳೆ, ಗೇಣಿ ಎಂದು ತಣ್ಣಗೆ ಬಾಳಬಹುದಾಗಿದ್ದ, ಮೂವತ್ತೈದರ ಆಸುಪಾಸಿನ ಈತ, ಪರದೇಶದಲ್ಲಿದ್ದ ದೊರೆಯ ಮಗನನ್ನು ಮರಳಿ ತರುವ ಒಳಸಂಚಿಗೆ ಸೇರಿಕೊಂಡ.

ಆ ದೊರೆಗಳ ಮೇಲೆ ನನಗೆ ಭಕ್ತಿಯೇನೂ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. 1655ರ ಮಾರ್ಚ್‌ನಲ್ಲಿ ಹಲವು ಕಡೆ ಒಟ್ಟಿಗೇ ದಂಗೆ ಏಳಬೇಕೆಂದು ಮಾತಾಗಿತ್ತು. ಉತ್ತರದಲ್ಲಿ ಮಾರ್ಸ್ಟನ್ ಮೂರ್ ಬಯಲಿಗೆ ಬಂದವರು ಕತ್ತಲಲ್ಲೇ ಚದುರಿಹೋದರು; ಉಳಿದೆಡೆಯೂ ಹೆಚ್ಚುಕಡಿಮೆ ಅದೇ ಕಥೆ. ಪೆನ್‌ರಡಕ್ ಮಾತ್ರ ಹೊರಟೇಬಿಟ್ಟ. ಮಾರ್ಚ್ 12ರ ನಸುಕಿನಲ್ಲಿ ಕೆಲವು ನೂರು ಸವಾರರೊಂದಿಗೆ ಸಾಲ್ಸ್‌ಬರಿ ಪಟ್ಟಣಕ್ಕೆ ನುಗ್ಗಿ, ಸೆರೆಮನೆಯ ಬಾಗಿಲು ತೆರೆಸಿ, ವಿಚಾರಣೆಗೆಂದು ಬಂದು ತಂಗಿದ್ದ ನ್ಯಾಯಾಧೀಶರನ್ನೂ ಸೀಮೆಯ ಅಧಿಕಾರಿ ಶೆರಿಫನನ್ನೂ ಹಾಸಿಗೆಯಿಂದಲೇ ಎಬ್ಬಿಸಿ ಹಿಡಿದರು. ಜೊತೆಯ ನಾಯಕ ಅವರನ್ನು ನೇಣಿಗೆ ಹಾಕೋಣವೆಂದಾಗ ಬೇಡವೆಂದು ತಡೆದವನು ಪೆನ್‌ರಡಕ್. ದಂಗೆಗೆ ಹೊರಟವನಿಗೆ ಆ ಹಿಂಜರಿಕೆ ಇತ್ತಲ್ಲ, ಅಲ್ಲೇ ಅವನು ನನಗೆ ನಮ್ಮೂರಿನವನಂತೆ ಕಂಡುಬಿಟ್ಟ.

ಅಲ್ಲಿಂದ ಪಶ್ಚಿಮಕ್ಕೆ ಬ್ಲ್ಯಾಂಡ್‌ಫರ್ಡ್, ಶರ್ಬರ್ನ್, ಯೋವಿಲ್. ಊರೂರಲ್ಲಿ ಜನ ಬಂದು ಕೂಡಿಕೊಳ್ಳುತ್ತಾರೆಂಬ ಭರವಸೆಯಿತ್ತು, ಯಾರೂ ಬಾಗಿಲು ತೆರೆಯಲಿಲ್ಲ. 14ರ ರಾತ್ರಿ ಸೌತ್ ಮೋಲ್ಟನ್ ಎಂಬಲ್ಲಿ ಕೇವಲ 60 ಕುದುರೆ ಸವಾರರ ಸರ್ಕಾರಿ ಪಡೆ ಅವರನ್ನು ಬೀದಿಯಲ್ಲೇ ಸೋಲಿಸಿತು. ಜೀವಕ್ಕೆ ಅಭಯ ಕೊಟ್ಟಿದ್ದರಿಂದಲೇ ಶರಣಾದೆನೆಂದು ಅವನು ವಾದಿಸಿದ, ಯಾರೂ ಕಿವಿಗೊಡಲಿಲ್ಲ. ಮೇ 16ರಂದು ಎಕ್ಸೆಟರ್‌ನಲ್ಲಿ ಅವನ ತಲೆ ಕಡಿದರು. ಪ್ರಾಣಭಿಕ್ಷೆ ಬೇಡಲು ಹೋಗಿ ಹೊರದಬ್ಬಿಸಿಕೊಂಡಿದ್ದ ಹೆಂಡತಿ ಅರಂಡೆಲ್ ಅವನಿಗೆ ಬರೆದ ಕೊನೆಯ ಪತ್ರ ಉಳಿದುಬಂದಿದೆ. ನಿನಗಾಗಿ ನಾನು ಪಟ್ಟಿದ್ದನ್ನು ಹೇಳಿಕೊಳ್ಳಲು ಈಗ ಹೊತ್ತು ಮೀರಿತು ಎಂಬ ಅರ್ಥದ ಸಾಲೊಂದು ಅದರಲ್ಲಿದೆ. ಅದನ್ನು ಓದಿ ದೀಪ ಆರಿಸಿ ಕೂತುಬಿಟ್ಟೆ.

ಐದೇ ವರ್ಷಕ್ಕೆ, 1660ರಲ್ಲಿ, ಆ ರಾಜಕುಮಾರ ಬಂದು ಪಟ್ಟವೇರಿದ. ಬೀದಿಯಲ್ಲಿ ನಿಂತು ಜೈಕಾರ ಹಾಕಿದವರಲ್ಲಿ ಅಂದು ಬಾಗಿಲು ತೆರೆಯದವರು ಎಷ್ಟು ಮಂದಿಯಿದ್ದರೋ ಎಂಬ ಯೋಚನೆ ಬಂದಾಗಿನಿಂದ ನಿದ್ದೆ ಸರಿಯಾಗಿಲ್ಲ. ಕೆರೆ ಒತ್ತುವರಿಯ ದೂರು ಕೊಡಲು ನೀನು ತಾಲ್ಲೂಕು ಕಚೇರಿಗೆ ಹೊರಟ ದಿನ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಬರುತ್ತೇನೆಂದಿದ್ದೆನಲ್ಲ, ಜ್ವರವೆಂದು ಹೇಳಿ ಕಳಿಸಿದೆನಲ್ಲ, ಅಂದು ನನಗೆ ಜ್ವರ ಇರಲಿಲ್ಲ. ಹೊಲದ ಪಹಣಿ, ಬದುವಿನ ತಕರಾರು, ಅಪ್ಪನ ವಯಸ್ಸು ಎಲ್ಲವನ್ನೂ ರಾತ್ರಿಯಿಡೀ ಎಣಿಸಿ ಬೆಳಿಗ್ಗೆ ಚಿಲಕ ಹಾಕಿಕೊಂಡು ಒಳಗೇ ಕೂತಿದ್ದೆ. ನೀನು ಒಬ್ಬನೇ ಹೋದೆ. ಸಂಜೆ ಬರುವಾಗ ನನಗೆಂದು ಮಾತ್ರೆ ತಂದುಕೊಟ್ಟೆ.

ಇದನ್ನು ಬರೆಯಬೇಕೆಂದು ಕೂತಿರಲಿಲ್ಲ, ಬರೆದಾಗಿದೆ, ಇರಲಿ. ಅಮ್ಮ ಮಿಡಿ ಉಪ್ಪಿನಕಾಯಿಯ ಜಾಡಿಯೊಂದನ್ನು ನಿನ್ನ ಹೆಸರಿಗೆ ಎತ್ತಿಟ್ಟಿದ್ದಾರೆ. ಮಳೆ ಹಿಡಿಯುವ ಮುಂಚೆ ಬಾ. ಛತ್ರಿ ಮರೆಯಬೇಡ.

ನಿನ್ನವ