ಹಾಕಿ ಆಟ ಬಿಡ್ತಿರೋ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಫೋನ್ ಬಂದಾಗ ನಾನು ನಾಲೆ ಏರಿ ಮೇಲಿದ್ದೆ. ಗಾಳಿಗೆ ಅರ್ಧ ಮಾತು ಹಾರಿಹೋಯ್ತು. "ಈ ಸೀಸನ್‌ಗೆ ಸಾಕು ಮಾಡ್ತೀನಿ ಕಣೋ" ಅಂದಿದ್ದು ಮಾತ್ರ ಚೆನ್ನಾಗಿ ಕೇಳಿಸ್ತು. ಆಮೇಲೆ ಕೇಳಿದೆಯಲ್ಲ, "ಬಿಟ್ಟ ಮೇಲೆ ಇಡೀ ದಿನ ಏನ್ ಮಾಡ್ತೀಯ?" ಅಂತ. ಕಬ್ಬು, ಮಳೆ, ಮಗಳ ಸ್ಕೂಲು ಅಂತ ಏನೇನೋ ಹೇಳಿ ಇಟ್ಟುಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ನೀನು ಕೇಳಿದ್ದು ಅದಲ್ಲ ಅಂತ ನನಗೂ ಗೊತ್ತಿತ್ತು. ಅದಕ್ಕೇ ಕೂತು ಬರೀತಿದ್ದೀನಿ. ನಮ್ಮಂಥೋರು ಇನ್ನೂ ಸುಮಾರು ಜನ ಇದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದ್ದೀನಿ.

ನಾನು ಆಟ ಬಿಟ್ಟೆ ಅಂತ ಹೇಳ್ಕೋತೀನಿ. ನಿಜ ಹೇಳಬೇಕಂದ್ರೆ ಒಂದು ಶುಕ್ರವಾರ ನೋಟಿಸ್ ಬೋರ್ಡಲ್ಲಿ ಟೀಮ್ ಲಿಸ್ಟ್ ಹಾಕಿದ್ರು, ಅದರಲ್ಲಿ ನನ್ನ ಹೆಸರಿರಲಿಲ್ಲ. ಹದಿಮೂರು ವರ್ಷ ನಾನು ಕೆಲಸ ಮಾಡೋ ಇಲಾಖೆಯ ಟೀಮಿಗೆ ಲೆಫ್ಟ್ ಹಾಫ್, ಅಂದ್ರೆ ನಡು ಸಾಲಿನ ಎಡಗಡೆ, ಆಡಿದೋನಿಗೆ ಯಾರೂ ಕರೆದು ಒಂದು ಮಾತು ಹೇಳಲಿಲ್ಲ. ಸೋಮವಾರದಿಂದ ಪೂರ್ತಿ ದಿನ ಆಫೀಸ್ ಅಂದ್ರು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು, ಕೊನೇ ಮ್ಯಾಚ್ ಮುಗಿಸಿದ ಭಾರತದ ಗೋಲ್‌ಕೀಪರ್ ಶ್ರೀಜೇಶ್ ಗೋಲ್‌ಪೋಸ್ಟ್ ಮೇಲೆ ಕೂತಾಗ ಟಿವಿ ಮುಂದೆ ನಾನು ಅತ್ತೆ. ಅವರ 16ನೇ ನಂಬರ್ ಜೆರ್ಸಿಗೂ ನಿವೃತ್ತಿ ಕೊಟ್ಟರು. ಅವರಿಗೆ ಅದು ಸಲ್ಲಬೇಕಾದದ್ದೇ. ಆದ್ರೆ ಅವತ್ತು ನನಗೆ ನೆನಪಾಗಿದ್ದು ಆ ನೋಟಿಸ್ ಬೋರ್ಡು, ಅದರ ಮೂಲೆಗೆ ಚುಚ್ಚಿದ್ದ ಗುಂಡುಪಿನ್ನು.

ನಿನ್ನ ವಿಷಯ ಬೇರೆ ಕಣೋ. ನೀನು ಕೊಡಗಿನೋನು. ನಿಮ್ಮಲ್ಲಿ ಆಟ ಬಿಟ್ಟೋನೂ ವರ್ಷಕ್ಕೊಂದ್ಸಲ ಮನೆತನದ ಜೆರ್ಸಿ ಹಾಕ್ಕೋತಾನೆ. ಕೊಡವ ಮನೆತನಗಳ ಹಾಕಿ ಟೂರ್ನಿನ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದಾಗ 60 ಕುಟುಂಬ. 2024ಕ್ಕೆ ನಾಪೋಕ್ಲಲ್ಲಿ 360 ಕುಟುಂಬ! ಒಂದ್ಸಲ ನಿನ್ನ ಜೊತೆ ಬಂದಿದ್ದಾಗ ನೋಡಿದ್ನಲ್ಲ, ತಾತ ಬ್ಯಾಕ್ ಆಡ್ತಿದ್ರು, ಮೊಮ್ಮಗಳು ಫಾರ್ವರ್ಡ್. ತಾತನ ಕೈಲಿ ಓಡೋಕೆ ಆಗ್ತಿರಲಿಲ್ಲ, ಆದ್ರೂ ಚೆಂಡು ಬರೋ ಜಾಗದಲ್ಲಿ ಮೊದಲೇ ಹೋಗಿ ನಿಂತಿರ್ತಿದ್ರು. ಮಂಡ್ಯದಲ್ಲಿ ಅದೆಲ್ಲಿ? ನಮ್ಮದು ಕಬಡ್ಡಿ ಸೀಮೆ. ನಾನು ಹಾಕಿ ಹಿಡಿದಿದ್ದೇ 1998ರ ಡಿಸೆಂಬರ್‌ನಿಂದ. ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌, ದಕ್ಷಿಣ ಕೊರಿಯಾ ಮೇಲೆ ಟೈಬ್ರೇಕರ್‌. ನಮ್ಮ ಬೆಂಗಳೂರಿನ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಚೆಂಡು ತಡೆದಾಗ ಪಕ್ಕದ ಮನೆ ಟಿವಿ ಮುಂದೆ ಕೂತಿದ್ದ ನಾನು ಎದ್ದು ನಿಂತುಬಿಟ್ಟಿದ್ದೆ. ಮಾರನೇ ದಿನ ಹುಣಸೆ ಕೊಂಬೆ ಕಡಿದು ಸ್ಟಿಕ್ ಮಾಡ್ಕೊಂಡೆ. ಹಂಗೆ ಒಬ್ಬನೇ ಕಲಿತೋನು, ವಾಪಸ್ ಬಂದಾಗಲೂ ಒಬ್ಬನೇ. ಊರಲ್ಲಿ ಎರಡು ವರ್ಷ ನನ್ನ ಜೊತೆ ಹಾಕಿ ಮಾತಾಡೋಕೆ ಒಂದು ಜೀವ ಇರಲಿಲ್ಲ.

ಮೊದಲ ಆರು ತಿಂಗಳಂತೂ ಕೆಟ್ಟದಾಗಿತ್ತು. ನಾಲ್ಕೂ ಮುಕ್ಕಾಲಿಗೆ ಎಚ್ಚರ ಆಗ್ತಿತ್ತು. ಎದ್ದು ಶೂ ಹುಡುಕೋನು, ಆಮೇಲೆ ನೆನಪಾಗೋದು. ಕತ್ತಲಲ್ಲಿ ಮಂಚದ ಮೇಲೆ ಶೂ ಹಿಡ್ಕೊಂಡು ಕೂತಿರ್ತಿದ್ದೆ. ಹೊಟ್ಟೆಗೆ ಮಾತ್ರ ಆಟ ನಿಂತಿದ್ದು ಗೊತ್ತಾಗಲೇ ಇಲ್ಲ. ಪ್ರಾಕ್ಟೀಸ್ ಮುಗಿಸಿ ಬಂದೋನ ಥರಾನೇ ಎರಡೆರಡು ಮುದ್ದೆ ಉಣ್ತಿದ್ದೆ, ಅವ್ವನೂ ಬಡಿಸ್ತಿದ್ದಳು. ವರ್ಷದಲ್ಲಿ 14 ಕೆ.ಜಿ. ಏರಿದೆ, ಬಿ.ಪಿ. ಶುರುವಾಯ್ತು. ಬೆನ್ನಿನ ಕಥೆ ನಿನಗೆ ಗೊತ್ತಲ್ಲ. ಇಪ್ಪತ್ತು ವರ್ಷ ಬಗ್ಗಿಕೊಂಡೇ ಓಡಿದ ಸೊಂಟ. ಆಡುವಾಗ ಫಿಸಿಯೋ ಉಜ್ಜಿ, ಟೇಪ್ ಸುತ್ತಿ ಕಳಿಸ್ತಿದ್ರು. ಓಡೋದು ನಿಂತ ಮೇಲೆ ಸೊಂಟದ ಸುತ್ತಿನ ಮಾಂಸಖಂಡ ಸಡಿಲ ಆಗಿ, ಅದುವರೆಗೂ ಅದು ಹೊರುತ್ತಿದ್ದ ಭಾರ ಎಲ್ಲ ಡಿಸ್ಕ್ ಮೇಲೆ ಬಿತ್ತು. ಮಂಡ್ಯದಿಂದ ಮೈಸೂರಿಗೆ ದಿನಾ ಪ್ಯಾಸೆಂಜರ್ ರೈಲು. ಪಾಂಡವಪುರ ದಾಟೋ ಹೊತ್ತಿಗೆ ಎಡಗಾಲು ಜೋಮು ಹಿಡಿದುಬಿಡೋದು. ಶ್ರೀರಂಗಪಟ್ಟಣದ ಹತ್ರ ಹೊಳೆ ಬಂದಾಗ ಎಲ್ಲರೂ ಕಿಟಕಿ ಕಡೆ ತಿರುಗ್ತಾರೆ, ನಾನು ಬಾಗಿಲ ಹತ್ರ ಕಂಬಿ ಹಿಡಿದು ಬೆನ್ನು ನೆಟ್ಟಗೆ ಮಾಡ್ಕೊಂಡು ನಿಂತಿರ್ತಿದ್ದೆ.

ಅದಕ್ಕೇ ಕೈ ಮುಗಿದು ಹೇಳ್ತೀನಿ, ಒಂದೇ ದಿನಕ್ಕೆ ನಿಲ್ಲಿಸಬೇಡ. ಓಟ ಕಮ್ಮಿ ಮಾಡ್ತಾ ಬಾ, ಸೊಂಟದ ವ್ಯಾಯಾಮ ಮಾತ್ರ ಒಂದು ದಿನವೂ ಬಿಡಬೇಡ. ಟೀಮ್ ಡಾಕ್ಟರ್ ಕೈಗೆ ಸಿಗೋವಾಗಲೇ ಮಂಡಿ, ಬೆನ್ನು ಎರಡರ ಸ್ಕ್ಯಾನಿಂಗ್ ಮಾಡಿಸ್ಕೋ. ರಿಪೋರ್ಟ್, ಸರ್ಟಿಫಿಕೇಟ್ ಎಲ್ಲ ಒಂದು ಫೈಲಿಗೆ ಹಾಕಿಡು. ನನ್ನ ಎರಡು ನ್ಯಾಷನಲ್ಸ್ ಸರ್ಟಿಫಿಕೇಟ್ ಎಲ್ಲಿವೆ ಅಂತ ಇವತ್ತಿಗೂ ಗೊತ್ತಿಲ್ಲ. 2024ರ ಕ್ರೀಡಾ ದಿನದಂದು ಕೇಂದ್ರ ಸರ್ಕಾರ ಆಟ ಬಿಟ್ಟೋರಿಗೆ ಅಂತಲೇ 'ರೀಸೆಟ್' ಅನ್ನೋ ತರಬೇತಿ ಶುರು ಮಾಡಿದೆ, ಅದನ್ನೂ ವಿಚಾರಿಸು. ನಾನು ಕೋಚ್‌ಗಳನ್ನ ತಯಾರು ಮಾಡೋ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಆರು ವಾರದ ಕೋರ್ಸ್ ಮಾಡಿದೆ. ಅಷ್ಟು ವರ್ಷ ಆಡಿದ ಮೇಲೂ, ಒಂದು ಮಗುಗೆ ಪುಶ್ ಮಾಡೋದು, ಅಂದ್ರೆ ಸ್ಟಿಕ್ಕಿಂದ ಚೆಂಡು ತಳ್ಳೋದು ಹೇಗೆ ಅಂತ ಬಾಯಲ್ಲಿ ಹೇಳೋಕೆ ನನಗೆ ಬರ್ತಿರಲಿಲ್ಲ. ಅಲ್ಲಿ ಕಲಿತೆ.

ಮನೆ ವಿಷಯ. ಇದನ್ನ ಬರೆಯೋಕೆ ಕೈ ತಡೀತದೆ. ನಾನು ಕ್ಯಾಂಪು, ಟೂರ್ನಿ ಅಂತ ತಿರುಗೋವಾಗ ನನ್ನ ಹೆಂಡ್ತಿ ಮನೆ, ಮಗು, ನಮ್ಮಪ್ಪನ ಆಸ್ಪತ್ರೆ ಎಲ್ಲ ಒಬ್ಬಳೇ ನಡೆಸಿದಳು. ನಾನು ಬಂದು ಕೂತ ಮೇಲೆ, ಗ್ಯಾಸ್ ಯಾಕೆ ಬುಕ್ ಮಾಡಿಲ್ಲ, ಮಗು ಯಾಕೆ ಇನ್ನೂ ಮಲಗಿಲ್ಲ ಅಂತ ಎಲ್ಲದಕ್ಕೂ ತಲೆ ಹಾಕೋಕೆ ಶುರು ಮಾಡಿದೆ. ಒಂದಿನ ಸಾರು ಇಳಿಸ್ತಾ ಮೆಲ್ಲಗೆ ಹೇಳಿದಳು: "ಇಷ್ಟು ವರ್ಷ ನೀವು ನೆಂಟರ ಥರ ಬಂದು ಹೋಗ್ತಿದ್ರಿ. ಮನೆಯವರಾಗೋಕೆ ಸ್ವಲ್ಪ ಟೈಮ್ ತಗೊಳ್ಳಿ." ಆ ಮಾತು ನನಗೆ ನಾಟಿತು. ಮಾರನೇ ದಿನದಿಂದ ಮಗಳ ಜಡೆ ಹಾಕೋ ಕೆಲಸ ನಂದು ಅಂದೆ. ಮುರಿದು ಸೊಟ್ಟ ಕೂಡಿದ ಬೆರಳು ಇದೆಯಲ್ಲ, ಅದಕ್ಕೆ ಕೂದಲು ಸಿಕ್ಕಿಕೊಳ್ತಿತ್ತು, ಅವಳು "ಅಪ್ಪಾ" ಅಂತ ಕಿರುಚೋಳು. ಈಗ ಎರಡು ಜಡೆ ಸಮ ಬರುತ್ತೆ.

ಮೂರನೇ ವರ್ಷ ಅದೇ ಮಗಳು ಮೂಲೇಲಿದ್ದ ಕಿಟ್ ಬ್ಯಾಗ್ ಎಳೆದು ತಂದಳು. ಒಳಗಿದ್ದ ಸ್ಟಿಕ್ ಮೂವತ್ತಾರೂವರೆ ಇಂಚಿಂದು, ಅವಳ ಎದೆಗೆ ಬರ್ತಿತ್ತು. ಹಿತ್ತಿಲ ಕಲ್ಲಿನ ಮೇಲೆ ಕೂತು, ಗ್ರಿಪ್ ಬಿಚ್ಚಿ, ಸ್ಟಿಕ್ಕನ್ನ ಅವಳ ಪಕ್ಕ ನಿಲ್ಲಿಸಿ ಸೊಂಟದ ಮೂಳೆಗೆ ಗುರುತು ಹಾಕಿದೆ. ಗರಗಸ ಇಡೋ ಮುಂಚೆ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಆ ಮರದ ಮೇಲೆ ನನ್ನ ಬಲಗೈ ಕೂತ ಜಾಗ ಕಪ್ಪಗೆ ಹೊಳೀತಿತ್ತು. ಕುಯ್ದೆ. ತುದಿಗೆ ಉಪ್ಪುಕಾಗದ ಉಜ್ಜಿ, ಹೊಸ ಗ್ರಿಪ್ಪನ್ನ ಮೇಲಿಂದ ಕೆಳಕ್ಕೆ ಬಿಗಿಯಾಗಿ ಎಳೆದೆಳೆದು ಸುತ್ತಿ, ಟೇಪನ್ನ ಹಲ್ಲಲ್ಲಿ ಕಚ್ಚಿ ಹರಿದೆ. ಅವಳು ಅದನ್ನ ಹಿಡ್ಕೊಂಡು ಅಂಗಳದಲ್ಲಿ ಒಂದು ಸುತ್ತು ಹೊಡೆದಳು. ಅವತ್ತು ರಾತ್ರಿ ಪೂರ್ತಿ ನಿದ್ದೆ ಮಾಡಿದೆ ಕಣೋ, ಬೆಳಗ್ಗೆ ಆರೂವರೆವರೆಗೆ.

ಈಗ ಸಾಯಂಕಾಲ ಹೈಸ್ಕೂಲ್ ಮೈದಾನಕ್ಕೆ ಹದಿನಾಲ್ಕು ಮಕ್ಕಳು ಬರ್ತಾರೆ, ಅದರಲ್ಲಿ ಒಂಬತ್ತು ಹುಡುಗಿಯರು. ಟರ್ಫ್ ಇಲ್ಲ, ಮಣ್ಣು. ಚೆಂಡು ಯಾವಾಗ ಎಗರುತ್ತೋ ಹೇಳೋಕಾಗಲ್ಲ, ಅದಕ್ಕೆ ಪ್ಯಾಡ್ ಇಲ್ಲದೆ ಬಿಡಲ್ಲ. ಬಗ್ಗಿ ತೋರಿಸೋಕೆ ನನ್ನ ಕೈಲಿ ಐದು ನಿಮಿಷದ ಮೇಲೆ ಆಗಲ್ಲ, ಸ್ಟೂಲ್ ಮೇಲೆ ಕೂತು ಹೇಳ್ಕೊಡ್ತೀನಿ. ಮೊನ್ನೆ ಒಬ್ಬಳು, ಕೂಲಿ ಮಾಡೋರ ಮಗಳು, ಆರನೇ ಕ್ಲಾಸು, ಕೇಳಿದಳು: "ಸಾರ್, ಚೆಂಡು ನೋಡಬೇಕಾ, ಆಚೆ ಇರೋರನ್ನ ನೋಡಬೇಕಾ?" ನನಗೆ ಈ ಪ್ರಶ್ನೆ ಹೊಳೆಯೋಕೆ ಹತ್ತು ವರ್ಷ ಬೇಕಾಗಿತ್ತು. ಚೆಂಡು ಬರೋ ಮುಂಚೆ ಆಚೆ ನೋಡು, ಬಂದಾಗ ಚೆಂಡನ್ನೇ ನೋಡು ಅಂದೆ. ಅವಳು ತಲೆಯಾಡಿಸಿ ಹೋದಳು. ಆಮೇಲೆ ನೋಡ್ತೀನಿ, ಪ್ರತಿ ಸಲ ಚೆಂಡು ಬರೋ ಮುಂಚೆ ಆ ಪುಟ್ಟ ತಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗ್ತಿದೆ. ನಿನ್ನ ಜ್ಞಾಪಕ ಬಂತು. ಸೆಂಟರ್ ಹಾಫಲ್ಲಿ ನೀನೂ ಹಾಗೇ ತಿರುಗಿಸ್ತಿದ್ದೆ, ನಾನು ಎಡಗಡೆಯಿಂದ ಕೂಗೋ ಮುಂಚೆನೇ ನಿನಗೆ ನಾನು ಎಲ್ಲಿದ್ದೀನಿ ಅಂತ ಗೊತ್ತಿರ್ತಿತ್ತು.

ಇಡೀ ದಿನ ಏನ್ ಮಾಡ್ತೀಯ ಅಂದ್ಯಲ್ಲ, ಇದನ್ನೇ ಮಾಡ್ತೀನಿ. ಬೆಳಗ್ಗೆ ಜಡೆ, ಹಗಲು ಫೈಲು, ಸಂಜೆ ಮೈದಾನ. ನೋವು ಹೋಗಿಲ್ಲ. ಟಿವಿಲಿ ಪೆನಾಲ್ಟಿ ಕಾರ್ನರ್ ವಿಸಲ್ ಕೇಳಿದ್ರೆ ಈಗಲೂ ಕಾಲು ತಾನಾಗೇ, ಗೋಲು ಕಾಯೋಕೆ ನಾವು ಹೋಗಿ ನಿಲ್ತಿದ್ದ ಗೋಲ್ ಲೈನಿನ ಕಡೆ ಎಳೆಯುತ್ತೆ.

ಕೊನೇ ಮ್ಯಾಚ್ ಯಾವತ್ತು ಅಂತ ಮೊದಲೇ ತಿಳಿಸು, ರಜ ಹಾಕಿ ಬರ್ತೀನಿ. ನನಗೆ ಯಾರೂ ಬಂದು ನಿಲ್ಲಲಿಲ್ಲ. ನಿನಗೆ ನಾನು ಲೈನ್ ಹತ್ರ ನಿಂತಿರ್ತೀನಿ, ಎಡಗಡೆಯೇ. ಆಮೇಲೆ ಊರಿಗೆ ಹೋಗೋ ಮುಂಚೆ ಮಂಡ್ಯದಲ್ಲಿ ಎರಡು ದಿನ ಉಳ್ಕೋ. ನಿನ್ನ ಹಳೇ ಸ್ಟಿಕ್ ಎಷ್ಟಿದ್ರೂ ಸರಿ, ತಗೊಂಡು ಬಾ. ಇನ್ನೂ ಐದು ಮಕ್ಕಳ ಹತ್ರ ಸ್ಟಿಕ್ ಇಲ್ಲ. ಗರಗಸ ನಾನು ಹಿಡೀತೀನಿ, ಅಲ್ಲಾಡದ ಹಾಗೆ ನೀನು ಹಿಡ್ಕೋ.

ನಿನ್ನ,
ಎಡಗಡೆ ಆಡಿದೋನು