ನಂದಿ ಬೆಟ್ಟ: ತಪ್ಪಲಿನ ಊರುಗಳಿಗೂ ಪಾಲಿರಲಿ

ಮಾನ್ಯರೇ,

ವಾರಾಂತ್ಯ ಬಂತೆಂದರೆ ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ನಂದಿ ಬೆಟ್ಟಕ್ಕೆ ನುಗ್ಗುವ ವಾಹನಗಳಿಂದಾಗಿ ತಪ್ಪಲಿನ ಗ್ರಾಮಸ್ಥರು ತಮ್ಮದೇ ರಸ್ತೆಯಲ್ಲಿ ಓಡಾಡಲು ಪರದಾಡಬೇಕಾಗಿದೆ. ಸೂರ್ಯೋದಯ ನೋಡುವ ಆತುರದಲ್ಲಿ ನಸುಕಿನಲ್ಲೇ ಸಾಲುಗಟ್ಟುವ ಕಾರು, ಬೈಕುಗಳ ನಡುವೆ ಹಾಲು, ತರಕಾರಿ ಸಾಗಿಸುವವರು ಸಿಲುಕಿಕೊಳ್ಳುತ್ತಾರೆ.

ಪ್ರವಾಸಿಗರೇ ಬೇಡವೆಂದು ಯಾರೂ ಹೇಳುವುದಿಲ್ಲ. ದ್ರಾಕ್ಷಿ, ಸೀಬೆಹಣ್ಣು, ಸುಟ್ಟ ಜೋಳ ಮಾರುವವರಿಗೆ, ಸಣ್ಣ ಹೋಟೆಲ್‌ನವರಿಗೆ ಅವರಿಂದಲೇ ನಾಲ್ಕು ಕಾಸು. ಆದರೆ ತಿಂಡಿ, ನೀರನ್ನೆಲ್ಲ ಬೆಂಗಳೂರಿನಲ್ಲೇ ಕೊಂಡು, ಖಾಲಿ ಪೊಟ್ಟಣ, ಬಾಟಲಿಗಳನ್ನು ಮಾತ್ರ ಅಲ್ಲಿ ಎಸೆದು ಬರುವವರಿಂದ ಊರಿಗೆ ಏನು ಲಾಭ? ಅರ್ಕಾವತಿ ಹುಟ್ಟುವುದು ಇದೇ ಬೆಟ್ಟದಲ್ಲಿ. ಮಳೆಗಾಲದಲ್ಲಿ ಇಳಿಜಾರಿನ ಪ್ಲಾಸ್ಟಿಕ್ ಕೊಚ್ಚಿ ಹೋಗುವುದು ಕೆಳಗಿನ ಹಳ್ಳ, ಕೆರೆಗಳಿಗೆ. ತಪ್ಪಲಿನಲ್ಲೇ ಇರುವ ಭೋಗನಂದೀಶ್ವರ ದೇವಾಲಯದಂಥ ಅಪರೂಪದ ತಾಣವನ್ನು ಕಣ್ಣೆತ್ತಿಯೂ ನೋಡದೆ ಸೆಲ್ಫಿ ತೆಗೆದು ಮರಳುವವರ ಸಂಖ್ಯೆಯೂ ಕಡಿಮೆಯಿಲ್ಲ, ಅದು ಬೇರೆ ಮಾತು.

ಪ್ರವೇಶ ಹಾಗೂ ವಾಹನ ನಿಲುಗಡೆ ಶುಲ್ಕದ ನಿಗದಿತ ಪಾಲು ಸುತ್ತಲಿನ ಗ್ರಾಮ ಪಂಚಾಯಿತಿಗಳಿಗೆ ಕಸ ವಿಲೇವಾರಿಗೆಂದೇ ಸಿಗುವಂತಾಗಬೇಕು. ವಾರಾಂತ್ಯದಲ್ಲಿ ಖಾಸಗಿ ವಾಹನಗಳನ್ನು ತಪ್ಪಲಿನಲ್ಲೇ ತಡೆದು, ಅಲ್ಲಿಂದ ಮೇಲಕ್ಕೆ ಸರ್ಕಾರಿ ಮಿನಿ ಬಸ್ ಓಡಿಸಲಿ. ಆ ನಿಲುಗಡೆ ತಾಣದಲ್ಲಿ ಸ್ಥಳೀಯ ಸ್ತ್ರೀಶಕ್ತಿ ಸಂಘಗಳಿಗೆ ಮಳಿಗೆ ಕೊಡುವ ಬಗ್ಗೆ ಪ್ರವಾಸೋದ್ಯಮ ಇಲಾಖೆ ಮತ್ತು ಚಿಕ್ಕಬಳ್ಳಾಪುರ ಜಿಲ್ಲಾಡಳಿತ ಪರಿಶೀಲಿಸಲಿ.

– ಓದುಗ, ಮಲ್ಲೇಶ್ವರ, ಬೆಂಗಳೂರು