ಝೆರಾಕ್ಸ್ ಅಂಗಡಿ ತಮ್ಮನಿಗೆ ಥ್ಯಾಂಕ್ಸ್

ಸಾಗರದ ಝೆರಾಕ್ಸ್ ಅಂಗಡೀಲಿ ನಂಗೆ ಸಹಾಯ ಮಾಡಿದ ತಮ್ಮಾ, ಅವತ್ತು ನಿನ್ನ ಹೆಸರೂ ಕೇಳ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಗಿ ಶರಾವತಿ ನೀರು ನಿಂತಾಗ ನಮ್ಮನೆ ತೋಟ ಎಲ್ಲಾ ಮುಳುಗ್ತು, ನಂಗಾಗ ಆರು ವರ್ಷ, ಒರಳುಕಲ್ಲು ಬಿಟ್ಟು ಲಾರಿ ಹತ್ತಲ್ಲ ಅಂತ ಅಮ್ಮ ಹಟ ಹಿಡಿದಿದ್ದು ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ಇಂಜಿನಿಯರ್ ಆಗಿ ರಿಟೈರ್ ಆದ್ಮೇಲೆ ಅದನ್ನೇ ಕಾದಂಬರಿ ಮಾಡಿ ಎರಡು ವರ್ಷ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದೆ. ಅದನ್ನ ಎಲ್ಲಾ ಕಂಪ್ಯೂಟರಲ್ಲೂ ಓದಕ್ಕಾಗೋ ಯೂನಿಕೋಡ್ ಅಕ್ಷರಕ್ಕೆ ಬದಲಾಯಿಸಿದ್ರೆ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ, ಅರ್ಕಾವತ್ತು ಎಲ್ಲೆಲ್ಲೋ. ನೀನು ಸಂಜೆ ತನಕ ಕೂತು 212 ಪುಟಾನೂ ಸರಿ ಮಾಡ್ಕೊಟ್ಟೆ, ದುಡ್ಡು ಕೊಡಕ್ಕೆ ಬಂದ್ರೆ "ನಮ್ಮಜ್ಜಿ ಊರೂ ಮುಳುಗಿದ್ದೇ ಸಾರ್" ಅಂದೆ. ದೊಡ್ಡ ಉಪಕಾರ ಆಯ್ತು ಕಣಪ್ಪಾ. ಪುಸ್ತಕ ಬಂದ ತಕ್ಷಣ ಮೊದಲ್ನೇ ಪ್ರತಿ ಅಂಗಡಿಗೇ ತಂದ್ಕೊಡ್ತೀನಿ, ಅಜ್ಜಿಗೆ ಓದಿ ಹೇಳು.